ಟೀ ಟವೆಲಿನ ಮೇಲಿನ ದೇಶ

ಪಾತ್ರೆ ಒರೆಸುವ ಒಂದು ಬಟ್ಟೆಯ ಸಲುವಾಗಿ ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡು ಸಲವಾದರೂ ಜಗಳ ಆಗುತ್ತದೆ. ಯಾರಾದರೂ ಊಟಕ್ಕೆ ಬರುವವರಿದ್ದಾಗ ಒಮ್ಮೆ, ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಇನ್ನೊಮ್ಮೆ. ನನ್ನ ಹೆಂಡತಿ ಸುಮಾ ಅದನ್ನು ಎರಡೇ ಬೆರಳಲ್ಲಿ, ಸತ್ತ ಹಲ್ಲಿಯನ್ನು ಹಿಡಿದ ಹಾಗೆ ಎತ್ತಿ, "ರೀ, ಈ ಸಲ ಇದನ್ನ ಬಿನ್‌ಗೆ ಹಾಕೇ ಹಾಕ್ತೀನಿ" ಎನ್ನುತ್ತಾಳೆ. "ಹಾಕು ನೋಡೋಣ" ಎನ್ನುತ್ತೇನೆ ನಾನು. ಕಾರಿನ ಬಣ್ಣದ ವಿಷಯದಲ್ಲಿ, ಸೋಫಾದ ವಿಷಯದಲ್ಲಿ, ಕೊನೆಗೆ ನನ್ನದೇ ಮೀಸೆಯ ವಿಷಯದಲ್ಲೂ ಸೋತು ಶರಣಾದವನು ನಾನು. ಈ ಬಟ್ಟೆಯೊಂದರ ವಿಷಯದಲ್ಲಿ ಮಾತ್ರ ಒಂದಿಂಚೂ ಹಿಂದೆ ಸರಿದಿಲ್ಲ, ಸರಿಯುವುದೂ ಇಲ್ಲ.

ನೀವು ಮೆಲ್ಬರ್ನಿನ ಟಾರ್ನೀಟಿನಲ್ಲಿರುವ ನಮ್ಮ ಮನೆಗೆ ಬಂದರೆ ಅದು ಓವನ್ನಿನ ಹಿಡಿಕೆಗೆ ಜೋತುಬಿದ್ದಿರುವುದನ್ನು ನೋಡುತ್ತೀರಿ. ಇಲ್ಲಿನವರು ಟೀ ಟವೆಲ್ ಎನ್ನುತ್ತಾರೆ. ಟೀಗೂ ಅದಕ್ಕೂ ಏನು ಸಂಬಂಧವೋ, ಇಷ್ಟು ವರ್ಷ ಈ ದೇಶದಲ್ಲಿದ್ದೂ ನನಗೆ ತಿಳಿದಿಲ್ಲ. ಒಂದು ಕಾಲಕ್ಕೆ ನೀಲಿಯಾಗಿದ್ದ ಸಮುದ್ರ ಒಗೆದೂ ಒಗೆದೂ ಬೂದಿ ಬಣ್ಣಕ್ಕೆ ಬಂದಿದೆ. ಅದರ ಮೇಲೆ ಫಿಜಿ ದೇಶದ ನಕ್ಷೆ. ಎಡಕ್ಕೆ ದುಂಡನೆಯ ದೊಡ್ಡ ದ್ವೀಪ ವಿಟಿ ಲೇವು, ಅದರ ಮೇಲೆ ಬಲಕ್ಕೆ ಉದ್ದನೆಯ ವನುವಾ ಲೇವು, ಸುತ್ತಲೂ ಸಾಸಿವೆ ಚೆಲ್ಲಿದ ಹಾಗೆ ಮುನ್ನೂರಕ್ಕೂ ಮೀರಿದ ಸಣ್ಣ ಪುಟ್ಟ ದ್ವೀಪಗಳು. ಮೂಲೆಯಲ್ಲೊಂದು ಆಮೆ. ರಾಜಧಾನಿ ಸುವಾ ಇರಬೇಕಾದ ಜಾಗದಲ್ಲಿ ರೂಪಾಯಿ ಅಗಲದ ಒಂದು ತೂತು. ಸುಮಾಳ ತಕರಾರು ಮುಖ್ಯವಾಗಿ ಆ ತೂತಿನ ಮೇಲೆಯೇ.

ಬಳ್ಳಾರಿಯ ನಮ್ಮ ಸರ್ಕಾರಿ ಶಾಲೆಯಲ್ಲಿ ಒಂದು ಪ್ರಪಂಚದ ನಕ್ಷೆ ಇತ್ತು. ಅದರ ಬಲತುದಿಯನ್ನು ಮೊಳೆಯ ತುಕ್ಕು ತಿಂದುಹಾಕಿತ್ತು. ಜಪಾನು ಹೇಗೋ ಬಚಾವಾಗಿತ್ತು, ಅದರಾಚೆ ಬರೀ ಕೆಂಪು ಪುಡಿ. ಒಮ್ಮೆ ನಾನು ಎದ್ದು ನಿಂತು, "ಸರ್, ಇಲ್ಲಿ ಏನೈತಿ?" ಎಂದು ಕೇಳಿದ್ದೆ. ಭೂಗೋಳದ ಮೇಷ್ಟ್ರು ಕೋಲಿನಿಂದ ಆ ಜಾಗವನ್ನು ಒಂದು ಸಲ ತಟ್ಟಿ, "ಏನೂ ಇಲ್ಲಲೇ, ಬರೇ ನೀರು. ಕುಂದ್ರು" ಎಂದಿದ್ದರು. ನಾನು ಕುಳಿತೆ. ಆ ವಿಷಯದಲ್ಲಿ ಇಪ್ಪತ್ತು ವರ್ಷ ಕುಳಿತೇ ಇದ್ದೆ.

ಎರಡು ಸಾವಿರದ ಒಂದರಲ್ಲಿ ಓದಲೆಂದು ಸಿಡ್ನಿಗೆ ಬಂದವನಿಗೆ ಕ್ವೇಕರ್ಸ್ ಹಿಲ್‌ನಲ್ಲಿ ಒಂದು ಮನೆಯ ಹಿತ್ತಲ ಗ್ರ್ಯಾನಿ ಫ್ಲಾಟ್ ಬಾಡಿಗೆಗೆ ಸಿಕ್ಕಿತು. ಒಂದೇ ಕೋಣೆ, ಪಕ್ಕದಲ್ಲಿ ಬಚ್ಚಲು. ಮನೆಯ ಯಜಮಾನ ನವೀನ್ ಏರ್‌ಪೋರ್ಟಿನಲ್ಲಿ ಸಾಮಾನು ಸಾಗಿಸುವ ಕೆಲಸದವನು, ಫಿಜಿಯಲ್ಲಿ ಹುಟ್ಟಿದ ಭಾರತೀಯ. ಅವನ ತಾಯಿ ರಾಧಾ ಆಂಟಿ ಕೆಲವೇ ತಿಂಗಳ ಹಿಂದೆ ಅಲ್ಲಿಂದ ಬಂದಿದ್ದರು. ಹಿಂದಿನ ವರ್ಷ ಸುವಾದಲ್ಲಿ ಬಂದೂಕು ಹಿಡಿದವರು ಪಾರ್ಲಿಮೆಂಟಿಗೆ ನುಗ್ಗಿ ಭಾರತೀಯ ಮೂಲದ ಪ್ರಧಾನಿಯನ್ನೇ ಒತ್ತೆ ಇಟ್ಟುಕೊಂಡಿದ್ದರು, ಭಾರತೀಯರ ಅಂಗಡಿಗಳು ಲೂಟಿಯಾಗಿದ್ದವು. ಆಂಟಿಯ ಊರು ಲಂಬಾಸ ಬೇರೆ ದ್ವೀಪದಲ್ಲಿ, ಸುವಾದಿಂದ ದೂರ. ಆದರೂ ಮಗ ಹೆದರಿ ತಾಯಿಯನ್ನು ಕರೆಸಿಕೊಂಡಿದ್ದ. ತಂದೆ ಮಾತ್ರ, "ಮನೆ ಬಿಟ್ಟು ಬರಲ್ಲ" ಎಂದು ಅಲ್ಲೇ ಉಳಿದಿದ್ದರು.

ಬಂದ ಮೊದಲ ಶನಿವಾರ ಬೆಳಿಗ್ಗೆ ನನಗೆ ಎಚ್ಚರವಾದದ್ದು ಒಂದು ಸದ್ದಿಗೆ. ಟಪ್ ಟಪ್ ಟಪ್. ಹಾಸಿಗೆಯಲ್ಲಿ ಎದ್ದು ಕುಳಿತೆ. ನೀವು ನಮ್ಮ ಕಡೆಯವರಾದರೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ರೊಟ್ಟಿ ಬಡಿಯುವ ಸದ್ದು ಅದು. ಲುಂಗಿಯಲ್ಲೇ ಹಿತ್ತಲು ದಾಟಿ ಅಡುಗೆಮನೆಯ ಕಿಟಕಿಗೆ ಹೋಗಿ ಇಣುಕಿದೆ. ರಾಧಾ ಆಂಟಿ ಮರಗೆಣಸನ್ನು ತುರಿದು ಹಿಂಡಿ, ಹಿಟ್ಟಿಗೆ ಕಲಸಿ, ಅಂಗೈಯಲ್ಲಿ ಬಡಿಯುತ್ತಿದ್ದರು. ಅಂಗೈ ಬೀಳುವ ರೀತಿ, ರೊಟ್ಟಿ ತಾನೇ ತಿರುಗುವ ರೀತಿ, ಅಂಚನ್ನು ಕಿರುಬೆರಳಿನಿಂದ ತೀಡುವ ರೀತಿ, ಎಲ್ಲಾ ನನ್ನ ಅವ್ವನದೇ.

"ಏ ಬೇಟಾ, ಕಿಟಕಿಯಲ್ಲಿ ಯಾಕೆ ನಿಂತೆ? ಒಳಗೆ ಬಾ, ಬಿಸಿ ಇದೆ" ಎಂದರು ಅವರ ಹಿಂದಿಯಲ್ಲಿ. ಅವರ ಹಿಂದಿ ಕಬ್ಬಿನ ಗದ್ದೆಯಲ್ಲಿ ಬೆಳೆದದ್ದು, ನನ್ನದು ಬಳ್ಳಾರಿಯ ಬಸ್ ಸ್ಟ್ಯಾಂಡಿನಲ್ಲಿ. ದೆಹಲಿಯವರು ಕೇಳಿದರೆ ಇಬ್ಬರಿಗೂ ಸೊನ್ನೆ ಕೊಡುತ್ತಿದ್ದರು. ನಮಗೆ ಮಾತ್ರ ಒಬ್ಬರದೊಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಹೀಗೆ ಬಡಿಯುವುದನ್ನು ಯಾರು ಕಲಿಸಿದರು ಎಂದು ಕೇಳಿದೆ. "ಆಜಿ" ಎಂದರು. ಅಜ್ಜಿ! ಇನ್ನೇನು ಬೇಕು? ಕನ್ನಡದ ಅಜ್ಜಿಯೇ ಶಾಂತಸಾಗರವನ್ನು ಈಜಿ ಬಂದು ಎದುರು ನಿಂತಳೆಂದು ನಾನು ಹಿಗ್ಗಿದೆ. ಫಿಜಿಯಲ್ಲಿ ಬಿಹಾರದ ಕಡೆಯಿಂದ ಹೋದವರೂ ಅಪ್ಪನ ತಾಯಿಯನ್ನು ಆಜಿ ಎಂದೇ ಕರೆಯುತ್ತಾರೆ, ಆ ಮಾತು ಅವರದೇ ಎಂದು ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. ಅಷ್ಟು ಹೊತ್ತಿಗೆ ಆ ಅಜ್ಜಿಯ ಬಗ್ಗೆ ನಾನು ಅರ್ಧ ಸಿಡ್ನಿಗೆ ಹೇಳಿಯಾಗಿತ್ತು.

ಆದರೆ ನನ್ನ ಹಿಗ್ಗು ಪೂರ್ತಿ ಸುಳ್ಳಾಗಲಿಲ್ಲ. ಆಂಟಿಯ ಟ್ರಂಕಿನಲ್ಲಿ ಒಂದು ಹಳೆಯ ಕಾಗದದ ನಕಲು ಇತ್ತು. ಬ್ರಿಟಿಷರು ಕಬ್ಬು ಕಡಿಸಲೆಂದು ಐದು ವರ್ಷದ ಕರಾರಿನ ಮೇಲೆ ಹಡಗು ಹತ್ತಿಸಿದವರಿಗೆ ಕೊಡುತ್ತಿದ್ದ ಪಾಸು. ಆ ಕರಾರಿಗೆ ಅಲ್ಲಿಯವರು ಗಿರ್ಮಿಟ್ ಎನ್ನುತ್ತಾರೆ. ಪಾಸಿನಲ್ಲಿ ಆಂಟಿಯ ಅಪ್ಪನ ಅಪ್ಪನ ಹೆಸರು ಅನ್ಮಪ ಎಂದಿತ್ತು, ಅಂದರೆ ನಮ್ಮ ಹನುಮಪ್ಪ. ಎಡ ಮೊಣಕಾಲ ಮೇಲೆ ಗಾಯದ ಗುರುತು. ಊರಿನ ಹೆಸರು ಮಸಿ ಹರಡಿ ಅಳಿಸಿಹೋಗಿತ್ತು. ಜಿಲ್ಲೆಯ ಹೆಸರು ಮಾತ್ರ ಸ್ಪಷ್ಟವಾಗಿತ್ತು: ಬಳ್ಳಾರಿ. ನಮ್ಮ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತಲ್ಲ, ಹಾಗಾಗಿ ಹನುಮಪ್ಪ ಮದ್ರಾಸಿನಿಂದ ಹಡಗು ಹತ್ತಿ ಮದ್ರಾಸಿಯಾಗಿ ಇಳಿದಿದ್ದ.

ನಾನು ಅವ್ವನಿಗೆ ಫೋನ್ ಮಾಡಿದೆ. ಅವ್ವ ಅರ್ಧ ಗಂಟೆ ಬಿಟ್ಟುಬಿಡದೆ ಪ್ರಶ್ನೆ ಕೇಳಿದಳು. "ಯಾರ್ ಪೈಕಿ ಅಂತ ಕೇಳಿದಿ ಏನು? ಇಲ್ಲ? ಹೋಗ್ಲಿ ಬಿಡು. ನೂರು ವರ್ಷ ಆದ್ರೂ ರೊಟ್ಟಿ ಬಡಿಯಾದು ಮರ್ತಿಲ್ಲ ನೋಡು ಆಕಿ! ತವರಿನ ಮಗಳು ಅಪ್ಪಾ. ಒಂದ್ಸಲ ಉಡಿ ತುಂಬಿ ಕಳಿಸ್ರಿ."

ನನ್ನ ತಲೆಗೆ ಹುಳ ಬಿಟ್ಟದ್ದು ಆ ಮಾತೇ. ತವರಿಗೆ ಬಂದ ಹೆಣ್ಣುಮಗಳು ಗಂಡನ ಮನೆಗೆ ಹೊರಡುವಾಗ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಬುಸದ ಕಣ ಹಾಕಿ ಉಡಿ ತುಂಬುವುದು ನಮ್ಮಲ್ಲಿ ದೊಡ್ಡ ಮಾತು.

ಆಮೇಲೆ ನಡೆದದ್ದಕ್ಕೆ ಹೋಗುವ ಮುಂಚೆ ಒಂದು ವಿಷಯ ಹೇಳಿಬಿಡುತ್ತೇನೆ. ಈ ಟೀ ಟವೆಲ್ ಆಗ ಆಂಟಿಯ ಅಡುಗೆಮನೆಯಲ್ಲಿತ್ತು. ನನ್ನ ಫಿಜಿ ಭೂಗೋಳವೆಲ್ಲ ಅದರ ಮೇಲೆ ಕಲಿತದ್ದು. ದೊಡ್ಡ ದ್ವೀಪದ ಪೂರ್ವದಲ್ಲಿ ಮಳೆ ನಿಲ್ಲುವುದಿಲ್ಲ, ಪಶ್ಚಿಮದಲ್ಲಿ ಬಿಸಿಲು, ಅದಕ್ಕೇ ಅಲ್ಲಿ ಕಬ್ಬು. ಲಂಬಾಸದಲ್ಲೂ ಬಿಸಿಲು, ಅಲ್ಲೂ ಕಬ್ಬು, ಕಬ್ಬು ಹೊತ್ತ ಪುಟ್ಟ ರೈಲು ಪೇಟೆಯ ನಡುವೆಯೇ ಹಾಯುತ್ತದೆ. ಊರಾಚೆ ಹಾವಿನ ಹೆಡೆಯಂಥ ಒಂದು ಬಂಡೆ ಇದೆ, ಅದು ಬೆಳೆಯುತ್ತಲೇ ಇದೆಯೆಂದು ಗುಡಿಯ ಮಾಡನ್ನು ಆಗಾಗ ಎತ್ತರಿಸುತ್ತಾರೆ. ಬಲಗಡೆಯ ತವೇಉನಿ ದ್ವೀಪದ ಮೇಲೆ ಒಂದು ಚುಕ್ಕಿಗೆರೆ, ನೂರೆಂಬತ್ತನೇ ರೇಖಾಂಶ. ಅಲ್ಲಿ ನಿಂತರೆ ಒಂದು ಕಾಲು ಇವತ್ತಿನಲ್ಲಿ, ಇನ್ನೊಂದು ನಿನ್ನೆಯಲ್ಲಿ ಎಂದು ಪ್ರವಾಸಿಗಳು ಫೋಟೋ ತೆಗೆಸಿಕೊಳ್ಳುತ್ತಾರಂತೆ. "ನನ್ನ ಎರಡೂ ಕಾಲು ಯಾವತ್ತೂ ಇವತ್ತಿನಲ್ಲೇ" ಎನ್ನುತ್ತಿದ್ದರು ಆಂಟಿ. ಒಂದು ದಿನ ಬಿಸಿ ಬಾಣಲೆ ಇಟ್ಟಾಗ ಟವೆಲ್ ಸುಟ್ಟಿತು. ನಾನು ಅಯ್ಯೋ ಎಂದರೆ ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಸುವಾ ತಾನೆ ಹೋಗಿದ್ದು? ಜಗಳ ಎಲ್ಲಾ ಶುರುವಾಗೋದೇ ಅಲ್ಲಿ. ಲಂಬಾಸ ಚೆನ್ನಾಗಿದೆ" ಎಂದು ಮತ್ತೆ ಪಾತ್ರೆ ಒರೆಸಿದರು.

ಸಿಡ್ನಿಯಲ್ಲಿ ಭಾರತದವರು ಸಿಕ್ಕಾಗಲೆಲ್ಲ ಆಂಟಿಯನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು. ಎಲ್ಲಿಯವರು? ಫಿಜಿ. ಅದು ಸರಿ, ಮೂಲ ಎಲ್ಲಿ? ಆಗ ಆಂಟಿ ವಿಳಾಸ ಕೊಡುತ್ತಿದ್ದರು. "ಲಂಬಾಸ ಬಸ್ ಸ್ಟ್ಯಾಂಡಿನಲ್ಲಿ ಇಳಿ. ಸಕ್ಕರೆ ಮಿಲ್ಲು ದಾಟು. ರೈಲು ಕಂಬಿ ಬಲಕ್ಕೆ ಬಿಡು. ಎರಡನೇ ಮಾವಿನ ಮರ. ಅದರ ಹಿಂದೆ ನನ್ನ ಮನೆ." ಕೇಳಿದವರು ನಕ್ಕು ಸುಮ್ಮನಾಗುತ್ತಿದ್ದರು. ನಾನೂ ನಗುತ್ತಿದ್ದೆ. ಅದು ತಮಾಷೆ ಎಂದುಕೊಂಡಿದ್ದೆ.

ನಮ್ಮ ಕನ್ನಡ ಬಳಗದ ಕಾರ್ಯದರ್ಶಿ ಶ್ರೀಧರ್ ಮೈಸೂರಿನವರು. ನಾನು ಹನುಮಪ್ಪನ ಕಥೆ ಹೇಳುತ್ತಿದ್ದಂತೆ ಅವರ ಕಣ್ಣು ಒದ್ದೆಯಾಯಿತು. "ರಾಜ್ಯೋತ್ಸವದ ದಿನ ಸ್ಟೇಜ್ ಮೇಲೇ ಮಾಡಿಬಿಡೋಣ ಕಣ್ರೀ. ನಮ್ಮ ಕಡೆ ಮಡಿಲು ತುಂಬೋದು ಅಂತೀವಿ. ಎಂಥ ಐಟಮ್ ಆಗುತ್ತೆ ಗೊತ್ತಾ!" ಎಂದರು. ಒಂದು ಬ್ಯಾನರೂ ತಯಾರಾಯಿತು: 'ಕಳೆದುಹೋದ ಮಗಳು ಮರಳಿ ತವರಿಗೆ'. ಆ ಒಕ್ಕಣೆ ನನ್ನದೇ. ಬರೆದು, ಅದನ್ನು ನಾಲ್ಕು ಸಲ ಗಟ್ಟಿಯಾಗಿ ಓದಿಕೊಂಡು, ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಆಂಟಿಗೆ ನಾನು ಹೇಳಿದ್ದು ಇಷ್ಟೇ: "ನಮ್ಮ ಜನದ ಹಬ್ಬ ಇದೆ, ನೀವು ಬರಬೇಕು." ಅವರಿಗೆ ಸಂತೋಷವಾಯಿತು. ಬರಿಗೈಯಲ್ಲಿ ಹೇಗೆ ಬರುವುದು ಎಂದರು. ಏನೂ ಬೇಡ ಎಂದೆ.

ಆ ಭಾನುವಾರ ಮಧ್ಯಾಹ್ನ ಶಾಲೆಯೊಂದರ ಹಾಲ್ ತುಂಬಿತ್ತು. ಮಕ್ಕಳ ಕೋಲಾಟ ಮುಗಿದು, ಬಿಸಿಬೇಳೆಬಾತಿನ ವಾಸನೆ ಹಿಂದಿನಿಂದ ಬರತೊಡಗಿತ್ತು. ಶ್ರೀಧರ್ ಮೈಕಿನಲ್ಲಿ ಗದ್ಗದರಾಗಿ ಆಂಟಿಯನ್ನು ಕರೆದರು. ಆಂಟಿ ಹಸಿರು ಸೀರೆ ಉಟ್ಟು, ಕೈಯಲ್ಲಿ ನ್ಯೂಸ್‌ಪೇಪರಿನಲ್ಲಿ ಸುತ್ತಿದ ಒಂದು ಉದ್ದನೆಯ ಪೊಟ್ಟಣ ಹಿಡಿದು ಮೇಲೆ ಬಂದರು. ಐದು ಜನ ಮುತ್ತೈದೆಯರು ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಕಣ ಹಿಡಿದು ಸುತ್ತ ನಿಂತರು. ಒಬ್ಬಾಕೆ, "ಸೆರಗು ಒಡ್ಡಿ ಆಂಟಿ" ಎಂದರು. ಆಂಟಿ ನನ್ನ ಕಡೆ ನೋಡಿದರು. ನಾನು ಅನುವಾದಕ. ತಾಯಿಮನೆ ತನ್ನ ಮಗಳಿಗೆ ಮಾಡುವ ಮರ್ಯಾದೆ ಇದು, ನೀವು ಕಳೆದುಹೋಗಿದ್ದಿರಿ, ಈಗ ಮನೆಗೆ ಬಂದಿರಿ ಎಂದು ಹಿಂದಿಯಲ್ಲಿ ವಿವರಿಸಿದೆ. ಬ್ಯಾನರನ್ನೂ ಓದಿ ಹೇಳಿದೆ.

ಅವರು ಸೆರಗು ಒಡ್ಡಲಿಲ್ಲ. ಮೈಕಿಗೆ ಕೈ ಚಾಚಿದರು.

ಸುಮಾರು ಎರಡು ನಿಮಿಷ ಮಾತಾಡಿದರು, ಸಿಟ್ಟಿಲ್ಲದೆ, ಅಂಗಡಿಯಲ್ಲಿ ಸಾಮಾನು ಹೇಳುವ ದನಿಯಲ್ಲಿ. ಮುಗಿಸಿ ಮೈಕನ್ನು ನನಗೆ ಕೊಟ್ಟರು. "ಆಂಟಿಗೆ ಬಹಳ ಸಂತೋಷ ಆಗಿದೆಯಂತೆ. ನಿಮಗೆಲ್ಲ ವಂದನೆ ಹೇಳ್ತಾರೆ" ಎಂದೆ. ಚಪ್ಪಾಳೆ ಬಿತ್ತು.

ಆಂಟಿ ನನ್ನ ತೋಳು ಹಿಡಿದರು. "ಬೇಟಾ, ನಾನು ಇಷ್ಟುದ್ದ ಹೇಳಿದೆ. ನೀನು ಇಷ್ಟೇ ಹೇಳಿದೆ. ಪೂರಾ ಹೇಳು."

"ಆಂಟಿ, ಆಮೇಲೆ..."

"ಪೂರಾ ಹೇಳು."

ಹೇಳಿದೆ. ಆ ದಿನ ನನ್ನ ಬಾಯಿಂದ ಬಂದ ಕನ್ನಡವನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. "ನಾನು ಕಳೆದುಹೋದವಳಲ್ಲ. ನನ್ನ ತವರು ಲಂಬಾಸ. ನನ್ನ ತಾಯಿಯನ್ನು ಅಲ್ಲೇ ಸುಟ್ಟಿದ್ದೇವೆ, ಆಜಿಯನ್ನೂ, ಹನುಮಪ್ಪನನ್ನೂ. ಅವನ ಕರಾರು ಮುಗಿದ ಮೇಲೆ ವಾಪಸ್ ಹೋಗುವ ಹಡಗು ಇತ್ತು. ಅವನು ಹತ್ತಲಿಲ್ಲ. ಯಾಕೆ ಹತ್ತಲಿಲ್ಲ ಅಂತ ನಿಮ್ಮಲ್ಲಿ ಯಾರೂ ಕೇಳಲಿಲ್ಲ. ಹೋದದ್ದು ಮೋಸದಿಂದ ಇರಬಹುದು, ಉಳಿದದ್ದು ಅವನ ಇಷ್ಟದಿಂದ. ಫಿಜಿಯಲ್ಲಿ ಕೆಲವರು ನಮಗೆ ಇಂಡಿಯಾಕ್ಕೆ ಹೋಗಿ ಅಂತಾರೆ. ನೀವು ಇಂಡಿಯಾದ ಕಡೆ ನಿಂತು ಬಾ ಬಾ ಅಂತೀರಿ. ಇಬ್ಬರ ಮಾತೂ ಒಂದೇ."

ಆಂಟಿ ಪೊಟ್ಟಣ ಬಿಚ್ಚಿದರು. ಒಣಗಿದ ಬೇರುಗಳ ಒಂದು ಕಟ್ಟು. ಫಿಜಿಯಲ್ಲಿ ಇನ್ನೊಬ್ಬರ ಊರಿಗೆ ಹೋದವರು ಯಂಗೋನ ಎಂಬ ಆ ಬೇರನ್ನು ಊರಿನ ಹಿರಿಯರ ಮುಂದೆ ನೆಲಕ್ಕಿಟ್ಟು, ಒಳಗೆ ಬರಲು ಅಪ್ಪಣೆ ಕೇಳುತ್ತಾರೆ. ಹಿರಿಯರು ಅದನ್ನು ಮುಟ್ಟಿ ತೆಗೆದುಕೊಂಡರೆ ಬಂದವರು ಆ ಊರಿನ ಅತಿಥಿ. ಆಂಟಿ ಮೊಣಕಾಲೂರಿ ಅದನ್ನು ಶ್ರೀಧರರ ಪಾದಗಳ ಮುಂದೆ ಇಟ್ಟು, "ನಾನು ಅತಿಥಿಯಾಗಿ ಬಂದೆ, ಕೇಳಿ ಬಂದೆ. ನೀವು ಕೇಳದೆ ನನ್ನನ್ನು ಮಗಳು ಮಾಡಿಕೊಂಡಿರಿ" ಎಂದರು. ಅದನ್ನೂ ಅನುವಾದಿಸಿದೆ.

ಶ್ರೀಧರ್ ಕಂಗಾಲಾಗಿ ನನ್ನ ಕಿವಿಯಲ್ಲಿ, "ಏನ್ರೀ ಇದು ಬೇರು? ಮುಟ್ಟಬಹುದಾ?" ಎಂದು ಕೇಳಿದರು. ಮುಟ್ಟಿ ಸರ್ ಎಂದೆ. ಅವರು ಬಗ್ಗಿ, ಪಂಚೆ ಸರಿಮಾಡಿಕೊಂಡು, ಎರಡೂ ಕೈಯಲ್ಲಿ ಕಟ್ಟನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ಕಣ್ಣಿಗೊತ್ತಿಕೊಳ್ಳುವುದು ಫಿಜಿಯ ಪದ್ಧತಿಯಲ್ಲಿ ಇಲ್ಲ. ಆಂಟಿ ನಕ್ಕು, ಅಲ್ಲಿಯ ಪದ್ಧತಿಯಂತೆ ಮೂರು ಸಲ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರ ಜೊತೆ ಕುಳಿತು ಬಿಸಿಬೇಳೆಬಾತು ಎರಡು ಸಲ ಹಾಕಿಸಿಕೊಂಡರು.

ಕಾರಿನಲ್ಲಿ ವಾಪಸು ಹೊರಟೆವು. ನನಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಅಷ್ಟು ಪ್ರೀತಿಯಿಂದ ಕರೆದರೆ ಹೀಗಾ ಎಂದು. ಕ್ವೇಕರ್ಸ್ ಹಿಲ್ ಸ್ಟೇಷನ್ ದಾಟಿದ ಮೇಲೆ ಆಂಟಿಯೇ, "ರೊಟ್ಟಿ ಹನುಮಪ್ಪನದೇ. ಮರಗೆಣಸು ಫಿಜಿಯದು. ಎರಡನ್ನೂ ಬೇರೆ ಮಾಡಿ ತೋರಿಸು, ಆವಾಗ ನಿನ್ನ ಮಾತು ಕೇಳ್ತೀನಿ" ಎಂದರು.

ಓದು ಮುಗಿಯಿತು, ಕೆಲಸ ಸಿಕ್ಕಿತು, ಇಲ್ಲೇ ನೆಲೆಸಲು ಪಿಆರ್ ಬಂತು, ಸುಮಾ ಬಂದಳು, ಇಂಚರ ಹುಟ್ಟಿದಳು. ಗ್ರ್ಯಾನಿ ಫ್ಲಾಟ್ ಬಿಟ್ಟು ಎರಡು ಬೀದಿ ಆಚೆ ಮನೆ ಮಾಡಿದ್ದೆವು. ಎರಡು ಸಾವಿರದ ಆರರ ಡಿಸೆಂಬರಿನಲ್ಲಿ ಒಂದು ದಿನ ನವೀನ್ ಫೋನ್ ಮಾಡಿದ. ಫಿಜಿಯಲ್ಲಿ ಸೇನೆ ಮತ್ತೆ ಸರ್ಕಾರವನ್ನು ಕಿತ್ತುಹಾಕಿತ್ತು. ಆಂಟಿ ಮುಂದಿನ ವಾರಕ್ಕೆ ಟಿಕೆಟ್ ಬುಕ್ ಮಾಡಿಸಿದ್ದರು, ಹೋಗಲು ಮಾತ್ರ, ಬರಲು ಇಲ್ಲ. "ನಿನ್ನ ಮಾತು ಕೇಳ್ತಾಳೆ, ನೀನಾದರೂ ಹೇಳು" ಎಂದ ನವೀನ್. ಯಾವ ಆಧಾರದ ಮೇಲೆ ಹಾಗೆ ತಿಳಿದಿದ್ದನೋ.

ನಾನು ಹೋದಾಗ ಆಂಟಿ ಸೂಟ್‌ಕೇಸಿಗೆ ಸೀರೆ ತುಂಬುತ್ತಿದ್ದರು. "ಈಗ ಬೇಡ ಆಂಟಿ. ಪರಿಸ್ಥಿತಿ ಸರಿಹೋಗಲಿ" ಎಂದೆ.

"ಸರಿಹೋಗೋದನ್ನ ಕಾದಿದ್ರೆ ಹನುಮಪ್ಪ ಮದುವೇನೇ ಆಗ್ತಿರಲಿಲ್ಲ."

"ಕಬ್ಬಿನ ಜಮೀನಿನ ಗುತ್ತಿಗೆ ಮುಗೀತು, ನವೀನ್ ಹೇಳಿದ. ನೆಲ ಅಲ್ಲಿಯ ಮೂಲನಿವಾಸಿಗಳದಂತೆ, ವಾಪಸ್ ತಗೊಂಡರಂತೆ. ಅಲ್ಲಿ ಏನಿದೆ ನಿಮ್ಮದು?"

ಅವರು ಸೀರೆ ಮಡಿಸುವುದನ್ನು ನಿಲ್ಲಿಸಿದರು. "ನೆಲ ಅವರದು. ನಾನು ಯಾವತ್ತು ಇಲ್ಲ ಅಂದೆ? ನೆಲ ನಂದು ಅಂತ ಹೇಳ್ತಿಲ್ಲ ಬೇಟಾ. ನಾನು ಆ ನೆಲದವಳು ಅಂತ ಹೇಳ್ತಾ ಇದೀನಿ." ಪಕ್ಕದ ಮನೆಯ ಮೆರೆ ಎಂಬಾಕೆಯ ಕುಟುಂಬಕ್ಕೆ ಸೇರಿದ ನೆಲವಂತೆ ಅದು. ಜಮೀನು ಬಿಟ್ಟುಕೊಟ್ಟ ಮೇಲೆ, ಅಲ್ಲೇ ಉಳಿದಿದ್ದ ಅಂಕಲ್ ಬೇರಿನ ಕಟ್ಟು ಒಯ್ದು ಮೆರೆಯ ಅಣ್ಣನ ಮುಂದೆ ಇಟ್ಟು, ಮನೆ ಇರುವಷ್ಟು ಜಾಗದಲ್ಲಿ ಇರಬಹುದೇ ಎಂದು ಕೇಳಿದರಂತೆ. ಅವನು ಕಟ್ಟನ್ನು ಎತ್ತಿಕೊಂಡನಂತೆ. ಕಾಗದ ಗೀಗದ ಏನೂ ಇಲ್ಲ. "ನಾಳೆ ಅವರ ಮನಸ್ಸು ಬದಲಾದರೆ?" ಎಂದೆ. "ನಾಳೆ ನೋಡ್ಕೊಳ್ತೀನಿ. ಇನ್ನೂ ಎರಡು ಬೇರು ಇದೆ" ಎಂದರು.

ಹೊರಡುವಾಗ ಆ ಟೀ ಟವೆಲನ್ನು ನನ್ನ ಹೆಗಲ ಮೇಲೆ ಹಾಕಿದರು, ನಮ್ಮಲ್ಲಿ ಬೀಗರಿಗೆ ಟವೆಲ್ ಹಾಕುವ ಹಾಗೆ. "ನನಗೆ ನಕ್ಷೆ ಬೇಡ. ದಾರಿ ಗೊತ್ತಿದೆ" ಎಂದರು. ಅಲ್ಲಿಂದ ವರ್ಷಕ್ಕೊಮ್ಮೆ, ದೀಪಾವಳಿಗೆ, ಫೋನ್ ಬರುತ್ತದೆ. ಮೆರೆಯ ಅಣ್ಣನ ಮನಸ್ಸು ಇನ್ನೂ ಬದಲಾಗಿಲ್ಲ.

ಈಗ ಎರಡು ವರ್ಷದಿಂದ ನಾವು ಮೆಲ್ಬರ್ನಿನಲ್ಲಿದ್ದೇವೆ. ಮೊನ್ನೆ ಯುಗಾದಿಯ ಕಾರ್ಯಕ್ರಮದಲ್ಲಿ, ಹೋಳಿಗೆಯ ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದ ಹಿರಿಯರೊಬ್ಬರು ಇಂಚರಳ ಗಲ್ಲ ಹಿಡಿದು, "ಪುಟ್ಟಿ, ಯಾವೂರಮ್ಮ ನಿಂದು?" ಎಂದು ಕೇಳಿದರು. ಒಳ್ಳೆಯ ಮನುಷ್ಯರು, ಕ್ರೇಗಿಬರ್ನಿನಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಬಂದವರು. ಆರು ವರ್ಷದ ಇಂಚರಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ಇಂಗ್ಲಿಷು. "ಟಾರ್ನೀಟ್" ಎಂದಳು.

ಅವರು ನಕ್ಕರು. "ಅದು ಸಬರ್ಬು. ನಿಜವಾದ ಊರು ಯಾವ್ದಮ್ಮಾ? ಒರಿಜಿನಲ್?"

ಇಂಚರ ನನ್ನ ಮುಖ ನೋಡಿದಳು. ನನ್ನ ನಾಲಿಗೆಯ ತುದಿಯಲ್ಲಿ ಬಳ್ಳಾರಿ ಸಿದ್ಧವಾಗಿ ನಿಂತಿತ್ತು. ಅದನ್ನು ಹೇಳಲು ನನಗೆ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಅವ್ವ ಅಲ್ಲಿದ್ದಾಳೆ, ನಾನು ಕುಳಿತ ಶಾಲೆಯ ಬೆಂಚು ಅಲ್ಲಿದೆ. ಆ ಊರಿನ ಹೆಸರನ್ನು ನನ್ನ ಮಗಳು ಹೇಳದಿದ್ದರೆ ಯಾರು ಹೇಳುತ್ತಾರೆ ಎಂದು ಎದೆಯಲ್ಲಿ ಚುಳ್ಳೆಂದಿತು. ಆದರೂ ನುಂಗಿಕೊಂಡೆ.

"ಹೇಳಿದಳಲ್ಲ ಸರ್. ಟಾರ್ನೀಟ್" ಎಂದೆ. ಆಮೇಲೆ ಮಗಳ ಕಡೆ ಬಗ್ಗಿ, "ಪೂರಾ ಹೇಳು" ಎಂದೆ.

ಅವಳು ತಟ್ಟೆಯನ್ನು ಎದೆಗವಚಿಕೊಂಡು, ಆ ದೊಡ್ಡವರ ಮುಖವನ್ನೇ ನೋಡುತ್ತಾ, ದಾರಿ ತಪ್ಪಿದವರಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು: "ಗೋ ಪಾಸ್ಟ್ ದ ರೌಂಡ್‌ಅಬೌಟ್. ಟರ್ನ್ ಲೆಫ್ಟ್. ರೆಡ್ ಲೆಟರ್‌ಬಾಕ್ಸ್. ದಟ್ಸ್ ಅಸ್."

ಅವರು ಅರ್ಥವಾಗದವರಂತೆ ನನ್ನ ಕಡೆ ನೋಡಿದರು. ನಾನು ಅನುವಾದ ಮಾಡಲು ಹೋಗಲಿಲ್ಲ.